ನೆಲವೇ ಡೊಂಕಿತ್ತು

ನವೆಂಬರ್ 8, ಶನಿವಾರ

ಮೂರು ವರ್ಷದ ಹಿಂದೆ ನಾನು ಆಡಿದ ಒಂದು ಗಾದೆಮಾತು ಬೆಳಗಿನಿಂದ ಮನಸ್ಸು ಬಿಟ್ಟು ಹೋಗುತ್ತಿಲ್ಲ.

ಶೂಟಿಂಗ್ ಕ್ಲಬ್ಬಿನಲ್ಲಿ ಅಂಕ ಬರೆಯುವವಳು ನಾನು. ತಂಗಿ ಅಪ್ಪನ ಹಳೆಯ ಪಾಯಿಂಟ್ ಟೂ ಟೂ ಸೆಮಿ ಆಟೊಮ್ಯಾಟಿಕ್ ರೈಫಲ್ ಹಿಡಿದು ತಂಡದ ಆಯ್ಕೆಗೆ ಬಂದಿದ್ದಳು. ಐವತ್ತು ಮೀಟರಿಗೆ ಅವಳು ಹೊಡೆದ ಕ್ಲಬ್ಬಿನ ಐದು ಗುಂಡುಗಳು ಅಂಗೈಯಗಲ ಚೆದುರಿದವು. "ಗುಂಡು ಸರಿಯಿಲ್ಲ ಕಣಕ್ಕ" ಎಂದಳು. ನಾನು ಎಲ್ಲರೆದುರೇ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದೆ. ಎಲ್ಲರೂ ನಕ್ಕರು. ಅವಳು ಮತ್ತೆ ಕ್ಲಬ್ಬಿಗೆ ಬರಲಿಲ್ಲ.

ಇವತ್ತು ಬಂದೂಕು ರಿಪೇರಿಯವರು, ನಾವು ಮಾರುವ ಮೊದಲು ಒಮ್ಮೆ ನೋಡೋಣವೆಂದು, ಅದೇ ರೈಫಲನ್ನು ಮರಳುಚೀಲದ ಮೇಲಿಟ್ಟು ಹೊಡೆದರು. ಕ್ಲಬ್ಬಿನ ಗುಂಡಿಗೆ ಮತ್ತೆ ಅಂಗೈಯಗಲ. ಬೇರೆ ಕಂಪನಿಯ ಗುಂಡು ಹಾಕಿದಾಗ ಐದೂ ಒಂದು ನಾಣ್ಯ ಮುಚ್ಚುವಷ್ಟು ಜಾಗದಲ್ಲಿ ಬಿದ್ದವು.

"ಒಂದು ಸ್ಕ್ರೂನೂ ಬದಲಾಯಿಸಿಲ್ಲ ಮೇಡಂ. ಇದರ ನಾಲಿಗೆ ಬಲು ನಾಜೂಕು, ಸಿಕ್ಕಿದ ಗುಂಡೆಲ್ಲ ಒಗ್ಗಲ್ಲ" ಎಂದರು.

ಕೆಟ್ಟ ಅನುವಾದ ಓದಿ ಮೂಲ ಲೇಖಕನನ್ನು ಬೈಯುವವರನ್ನು ಕಂಡರೆ ನನಗಾಗದು. ಗುಂಡಿನ ತಪ್ಪಿಗೆ ತಂಗಿಯನ್ನು ಹಂಗಿಸಿದ ನಾನು ಮಾಡಿದ್ದೂ ಅದನ್ನೇ.

ಸಂಜೆ ತಂಗಿಗೆ ಫೋನು ಮಾಡಿ ಎಲ್ಲ ಹೇಳಿ, ತಪ್ಪಾಯಿತು ಎಂದೆ.

"ನೀನು ಹೇಳಿದ್ಮೇಲೆ ನಿಜಾನೇ ಇರ್ಬೇಕು ಅಂದ್ಕೊಂಡೆ ಅಕ್ಕ. ಈಗ ಸೂಜಿಗೆ ದಾರ ಪೋಣಿಸೋಕೂ ನಮ್ಮನೆಯವರನ್ನೇ ಕರೀತೀನಿ, ನನ್ನ ಕೈ ನಿಲ್ಲಲ್ಲ ಅಂತ."

ನಗುತ್ತಲೇ ಹೇಳಿದಳು. ಅದರ ಬದಲು ಒಂದು ಸಲ ಬೈದಿದ್ದರೆ ಇಷ್ಟು ಹೊತ್ತಿಗೆ ನಾನು ನೆಮ್ಮದಿಯಾಗಿ ಮಲಗಿರುತ್ತಿದ್ದೆ.