ಅರ್ಜಿಯಿಂದ ಅಳಿಸಿದ ಬಸ್ಸು

ಅಕ್ಟೋಬರ್ 6, ಸೋಮವಾರ

ತಮ್ಮನ ಮಗಳು ಗಗನ ಇವತ್ತು ಇಂಗ್ಲೆಂಡಿನ ಆ ದೊಡ್ಡ ಸ್ಕಾಲರ್‌ಶಿಪ್ಪಿಗೆ ಅರ್ಜಿ ಕಳಿಸಿದಳು. ಖುಷಿಯಾಗಬೇಕಿತ್ತು, ಮೈ ಉರಿಯುತ್ತಿದೆ.

ಮುಂದೆ ನಿಂತು ಮಾಡಿದ ಒಂದು ಕೆಲಸದ ಬಗ್ಗೆ ಬರೆಯಿರಿ ಎಂದು ಅದರಲ್ಲಿ ಕೇಳಿದ್ದರು. ಕೆರಗೋಡಿನಲ್ಲಿ ಕಾಲೇಜಿಗೆ ಹೋಗುವ ಬೆಳಗಿನ ಬಸ್ಸು ನಿಲ್ಲದೆ ಹೋಗುತ್ತಿದ್ದಾಗ, ಹುಡುಗಿಯರನ್ನು ಕಟ್ಟಿಕೊಂಡು ರಸ್ತೆಯಲ್ಲಿ ಕೂತು ಅದನ್ನು ನಿಲ್ಲಿಸಿದವಳು ಇವಳು. ಅದನ್ನೇ ಬರೆದಿದ್ದಳು. ಶಿಫಾರಸು ಪತ್ರ ಕೊಡಬೇಕಾದ ಪ್ರೊಫೆಸರ್ ಓದಿ, “ಗಲಾಟೆ ಮಾಡಿದ್ದನ್ನೆಲ್ಲ ಬರೀತಾರೇನಮ್ಮ? ತೆಗಿ. ಕಾಲೇಜ್ ಡೇಲಿ ಸ್ವಾಗತ ಮಾಡಿದ್ಯಲ್ಲ, ಅದನ್ನ ಹಾಕು” ಅಂದನಂತೆ.

ಇದೇ ಮನುಷ್ಯ ಶಿವಪುರದ ಧ್ವಜ ಸತ್ಯಾಗ್ರಹದ ನೆನಪಿನ ಸಭೆಯಲ್ಲಿ, ಬ್ರಿಟಿಷರ ಕಾಲದಲ್ಲಿ ನಿಷೇಧ ಮೀರಿ ಬಾವುಟ ಹಾರಿಸಿದವರನ್ನು ಹೊಗಳಿ ವೇದಿಕೆಯ ಮೇಲೆ ಕಣ್ಣೊರೆಸಿಕೊಂಡದ್ದನ್ನು ನಾನು ಮರೆತಿಲ್ಲ. ಸತ್ತವರು ಮಾಡಿದ ಗಲಾಟೆಯಾದರೆ ಇವನಿಗೆ ಅಡ್ಡಿಯಿಲ್ಲ.

“ತೆಗೀಬ್ಯಾಡ ಕಣವ್ವ” ಅಂದೆ.

“ನೀನೇನೋ ಯೋಳ್ತೀಯ ದೊಡ್ಡಪ್ಪ. ಅವ್ರು ಪತ್ರ ಕೊಡ್ದಿದ್ರೆ ಅರ್ಜಿ ಲೆಕ್ಕಕ್ಕೇ ಬರಲ್ಲ. ನೀನ್ ಬರ್ಕೊಟ್ರೆ ಲಂಡನ್ನೋರು ತಗೊಂಡಾರಾ?”

ನನ್ನೆದುರೇ ಬಸ್ಸಿನ ಕಥೆ ಅಳಿಸಿ, ಕಾಲೇಜ್ ಡೇಲಿ ಅತಿಥಿಗಳನ್ನು ಸ್ವಾಗತಿಸಿದ್ದನ್ನು ತುಂಬಿ ಕಳಿಸಿದಳು. ಅಲ್ಲಿ ಓದುವವರಿಗೆ ಇವಳು ಹಾರದ ತಟ್ಟೆ ಹಿಡಿದ ಹುಡುಗಿ, ಅಷ್ಟೆ.

ನಾಳೆ ಅವನ ಮನೆಗೇ ಹೋಗಿ ಉಗಿದು ಬರೋಣವೆಂದರೆ, ಅವನೇ ನೇರವಾಗಿ ಅಲ್ಲಿಗೆ ಕಳಿಸಬೇಕಾದ ಆ ಪತ್ರವನ್ನು ಇನ್ನೂ ಕಳಿಸಿಲ್ಲ.