ಹಗೇವಿಗೆ ದೀಪ

ನವೆಂಬರ್ 18, ಮಂಗಳವಾರ

ಅಪ್ಪನಿಗೆ ಗಂಜಿ ಕುಡಿಸಿದೆ. ಬಾಯಿ ಒರೆಸಿ, 'ಒಂದು, ಎರಡು, ಮೂರು' ಹೇಳಿಸಲು ಕೂತೆ. ತುಟಿ ಅಲುಗಿತು, ದನಿ ಇಲ್ಲ. ಲಕ್ವಾ ಹೊಡೆದು ಎಂಟು ತಿಂಗಳು. ಕೋಲು ಹಿಡಿದು ನಡೆಯುತ್ತಾನೆ, ಅಷ್ಟಾಯಿತು. ಮಾತು ಮಾತ್ರ ಒಂದೂ ಬಂದಿಲ್ಲ.

ಹುಮನಾಬಾದಿನಲ್ಲಿ ಮಾತು ಕಲಿಸುವ ವಿಶಾಖಾ ಮೇಡಂ ಹೇಳಿದ್ದು ತಲೆಯಲ್ಲೇ ಇದೆ. "ದಿನ ಹೋದಂಗ ಕಷ್ಟ ಆಗ್ತದ್ರಿ ಸುಜಾತಾ. ಹೊಸಾದು ಕಲಸಬ್ಯಾಡ್ರಿ. ಸಾವಿರ ಸಲ ಅಂದಿದ್ದು ಏನರ ಇದ್ರ ಅದನ್ನ ಹಿಡೀರಿ."

ಕೊಹಿನೂರಿನಿಂದ ಬಸ್ಸು ತಡ. ಕಲ್ಯಾಣದಲ್ಲಿ ನಾನು ಕೆಲಸ ಮಾಡುವ ಝೆರಾಕ್ಸ್ ಅಂಗಡಿ ಮುಟ್ಟುವಾಗ ಹತ್ತೂವರೆ. ಮಾಲೀಕ ಶಂಶುದ್ದೀನ್ ಭಾಯಿ ಏನೂ ಅನ್ನಲಿಲ್ಲ. ಎಂಟು ತಿಂಗಳಿಂದ ಏನೂ ಅಂದಿಲ್ಲ. ಅವರ ಋಣ ದೊಡ್ಡದು.

ನವೆಂಬರ್ 20

ದೆವ್ವದ ಸಿನಿಮಾ 'ಹಗೇವು-4' ನಾಳೆ ರಿಲೀಸ್. ತಮ್ಮ ಸಂಘರತ್ನ ಟ್ರೇಲರ್ ನೋಡಿ ಮೂಗು ಮುರಿದ. "ಹಳಸಿ ಹೋಗ್ಯಾದ ಅಕ್ಕಾ. ಅದೇ ಕಾಳಿನ ಕುಣಿ, ಅದೇ ದೆವ್ವ, ಅದೇ ಗೆಜ್ಜಿ. ನಾಕನೇ ಸಲ ಯಾರಿಗಿ ಅಂಜಿಕಿ ಬರ್ತದ?"

ಸುಳ್ಳಲ್ಲ. ಮೊದಲ ಭಾಗ ನೋಡಿ ಒಂದು ವಾರ ಲೈಟ್ ಹಚ್ಚಿಕೊಂಡೇ ಮಲಗಿದ್ದೆ. ಎರಡನೆಯದು ಪರವಾಗಿಲ್ಲ. ಮೂರನೆಯದಕ್ಕೆ ನಗು ಬಂತು.

ಆದರೆ ಮೂರನ್ನೂ ಅಪ್ಪನ ಜೊತೆಗೇ ನೋಡಿದ್ದು... ವಯಸ್ಸಿನಲ್ಲಿ ಅಪ್ಪ ಗೌಡರ ಹಗೇವುಗಳಿಗೆ, ಕಾಳು ತುಂಬಿಡುವ ನೆಲದಡಿಯ ಗುಂಡಿಗಳಿಗೆ, ಇಳಿದು ಜೋಳ ತೆಗೆಯುತ್ತಿದ್ದ. ಮೊದಲು ಹಗ್ಗ ಕಟ್ಟಿ ದೀಪ ಇಳಿಸಬೇಕು. ಆರಿದರೆ ಒಳಗೆ ಕೆಟ್ಟ ಗಾಳಿ, ಯಾರೂ ಇಳಿಯಬಾರದು. ದೊಡ್ಡಪ್ಪ ಒಂದು ಸಲ ಅವಸರ ಮಾಡಿ, ದೀಪ ಇಳಿಸದೆ ಇಳಿದ. ಮೇಲೆ ಬರಲಿಲ್ಲ.

ಸಿನಿಮಾದ ಹೀರೋ ಪ್ರತಿ ಭಾಗದಲ್ಲೂ ಧಬಕ್ಕನೆ ಇಳಿದುಬಿಡುತ್ತಾನೆ. ಅಪ್ಪ ಪ್ರತಿ ಸಲ ಥಿಯೇಟರಿನಲ್ಲೇ ಕೂಗುತ್ತಿದ್ದ, "ಮೊದಲ ದೀಪ ಇಳಸ್ರಲೇ!" ಜನ ಹಿಂದೆ ತಿರುಗಿ ನಗುತ್ತಿದ್ದರು. ಮೂರನೇ ಸಲ ನಾನು ಅವನ ಕೈ ಚಿವುಟಿದ್ದೆ, ಸುಮ್ಮನಿರು ಅಂತ. ಈಗ ಆ ನನ್ನ ಕೈಗೇ ಬರೆ ಹಾಕಬೇಕು ಅನಿಸುತ್ತದೆ.

ನವೆಂಬರ್ 23, ಭಾನುವಾರ, ಸಂಜೆ 7

ಇದನ್ನು ಇವತ್ತೇ ಬರೆಯಬೇಕು.

ಹುಮನಾಬಾದ್, ಮ್ಯಾಟಿನಿ. ಅಪ್ಪ, ನಾನು, ಗೊಣಗುತ್ತಲೇ ಬಂದ ಸಂಘರತ್ನ. ಕಂಡಕ್ಟರ್ ಅಪ್ಪನ ಕೈ ಹಿಡಿದು ಇಳಿಸಿದ, ಪುಣ್ಯಾತ್ಮ. ಅರ್ಧ ಹಾಲ್ ಖಾಲಿ. ಸಿನಿಮಾ ತೀರಾ ಸಪ್ಪೆ. ಗೆಜ್ಜೆ ಕೇಳಿದರೆ ಜನ ಆಕಳಿಸುತ್ತಿದ್ದರು. ಇಂಟರ್ವಲ್‌ಗೆ ಮುಂಚೆಯೇ ತಮ್ಮ ನಿದ್ದೆ ಹೋದ.

ಕೊನೆಗೆ ಹೀರೋ ಹಗೇವಿನ ಬಾಯಿಗೆ ಬಂದ. ಕಲ್ಲು ಸರಿಸಿದ. ದೀಪವೂ ಇಲ್ಲ, ಹಗ್ಗವೂ ಇಲ್ಲ. ಇವರಲ್ಲಿ ಒಬ್ಬನಾದರೂ ನಿಜವಾದ ಹಗೇವು ನೋಡಿಲ್ಲವೇ ಅಂತ ಸಿಟ್ಟು ಬಂತು. ಅಷ್ಟರಲ್ಲಿ ಪಕ್ಕದ ಕೋಲು ನೆಲಕ್ಕೆ ಕುಟ್ಟಿತು.

"ದೀ... ದೀಪ... ದೀಪ ಇಳಸ್ರಲೇ."

ಒಡಕು ದನಿ. ಅಪ್ಪನದೇ.

ಹಿಂದಿನಿಂದ ಯಾರೋ, "ಕಾಕಾ, ಸುಮ್ಕ ಕೂಡ್ರಿ" ಅಂದರು. ಆ ದನಿಗೆ ಎಚ್ಚೆತ್ತಿದ್ದ ಸಂಘರತ್ನ ಎದ್ದು ನಿಂತ. "ಮಾತಾಡ್ಲಿ ಬಿಡ್ರಿ. ಎಂಟ್ ತಿಂಗಳ ಆದ ಮ್ಯಾಲ ನಮ್ಮಪ್ಪ ಮಾತಾಡಾಕತ್ತಾನ." ನಾನು ಅತ್ತೆ. ಸಿನಿಮಾ ಮುಗಿಯುವವರೆಗೂ ಅತ್ತೆ.

ಮನೆಯಲ್ಲಿ ಅವ್ವ ಕೇಳಿ, ಬುದ್ಧನ ಫೋಟೋದ ಮುಂದೆ ಮೇಣದಬತ್ತಿ ಹಚ್ಚಿದಳು.

ನವೆಂಬರ್ 24

ಬೆಳಿಗ್ಗೆಯಿಂದ ಏನೂ ಇಲ್ಲ. ಮತ್ತೆ ಬರೀ ತುಟಿ. ಹೆದರಿ ವಿಶಾಖಾ ಮೇಡಂಗೆ ಫೋನ್ ಮಾಡಿದೆ. "ಅದೇ ಸೀನ್ ದಿನಾ ತೋರಸ್ರಿ. ಹೀರೋ ಇಳಿಯೂಕಿಂತ ಮೊದಲ ನಿಲ್ಲಸ್ರಿ. ನಿಲ್ಲಿಸಿ ಕಾಯ್ರಿ."

ಡಿಸೆಂಬರ್ 5

ಮೊಬೈಲಿನಲ್ಲಿ ಹಳೆಯ ಮೂರು ಭಾಗ. ದಿನಾ ಅದೇ. ನಿಲ್ಲಿಸುತ್ತೇನೆ, ಕಾಯುತ್ತೇನೆ. 'ದೀಪ' ಪ್ರತಿ ಸಲ ಬರುತ್ತದೆ. ಇವತ್ತು ಹೀರೋಗೆ "ಬ್ಯಾಡ" ಅಂದ. ಹೊಸ ಮಾತು. ನನ್ನ ಹೆಸರು, 'ಸುಜಾತಾ', ಹೇಳು ಅಂದರೆ ಮಾತ್ರ ಸುಮ್ಮನೆ ಮುಖ ನೋಡುತ್ತಾನೆ. ಇರಲಿ. ಇಷ್ಟು ಸಿಕ್ಕಿದೆಯಲ್ಲ.

ಡಿಸೆಂಬರ್ 14, ಭಾನುವಾರ, ಮಧ್ಯಾಹ್ನ 3

ಅವ್ವ, ಸಂಘರತ್ನ ಇಬ್ಬರೂ ತೊಗರಿ ಕೊಯ್ಯಲು ಹೋಗಿದ್ದಾರೆ. ಮನೆಯಲ್ಲಿ ನಾನು, ಅಪ್ಪ ಇಬ್ಬರೇ. ಐದನೇ ಭಾಗ ಮಾಡುತ್ತಾರಂತೆ. ಮೊಬೈಲ್ ತುಂಬ ಬೈಗುಳ. ಸಾಕು ಮಾಡ್ರಪ್ಪಾ, ಹೊಸ ಕಥೆ ಇಲ್ಲವಾ, ಅಂತ.

ಹಳಸಿದೆ, ಒಪ್ಪುತ್ತೇನೆ. ಆದರೆ ಆ ಹೀರೋ ನಾಲ್ಕನೇ ಸಲವಾದರೂ ಬುದ್ಧಿ ಕಲಿತು ದೀಪ ಇಳಿಸಿದ್ದರೆ, ಅಪ್ಪ ಇವತ್ತಿಗೂ ಸುಮ್ಮನೇ ಕೂತಿರುತ್ತಿದ್ದ. ಅದನ್ನೇ ಬರೆದವರಿಗೆ, ಅದೇ ಗೆಜ್ಜೆ ಕಟ್ಟಿಕೊಂಡವಳಿಗೆ, ಅದೇ ಕುಣಿ ತೋಡಿದವರಿಗೆ ಕೈ ಮುಗಿಯುತ್ತೇನೆ. ಐದು ಮಾಡಲಿ, ಹತ್ತು ಮಾಡಲಿ. ನಾವು ಮೊದಲ ಸಾಲಿನಲ್ಲಿ—

ಒಳಗಿಂದ ಯಾರೋ ಕರೆದಂತಾಯಿತು. 'ದೀಪ' ಅಲ್ಲ. 'ಸು' ಅಂತ ಏನೋ...

ಅಪ್ಪನೇ. ಮತ್ತೆ ಕರೆ—