ಪರದೆಯ ಮೇಡಂ ನಿನ್ನ ಹೆಸರು ಹಿಡಿದು ಕರೆದರು

ಗೋಕುಲ ರಸ್ತೆ, ಹುಬ್ಬಳ್ಳಿ
೧೧ ಡಿಸೆಂಬರ್ ೨೦೦೬, ಸೋಮವಾರ

ಪ್ರೀತಿಯ ಯಶೋಧರಾ,

ಸಿಟ್ಟಿನಲ್ಲಿದ್ದರೂ ಇದನ್ನು ಕೊನೆಯವರೆಗೆ ಓದು. ಶಶಿಕುಮಾರಣ್ಣನ ಮೊಬೈಲಿಗೆ ಮಾಡಿದಾಗಲೆಲ್ಲ ‘ನಮ್ಮ ತಂಗಿ ಹೊಲಕ್ಕ ಹೋಗ್ಯಾಳವಾ’ ಎನ್ನುತ್ತಾರೆ. ಅಮ್ಮಿನಬಾವಿಯಲ್ಲಿ ದೀಪ ಹಚ್ಚಿದ ಮೇಲೂ ಹೊಲದ ಕೆಲಸ ಇರುತ್ತದೆಯೇ? ಅದಕ್ಕೇ ಈ ಕಾಗದ.

ನಿನ್ನೆಯೂ ಧಾರವಾಡದ ಆ ಪಾಠದ ಹಾಲ್‌ಗೆ ಹೋಗಿದ್ದೆ. ನಮ್ಮ ಅಂಚೆ ತೆರಪಿನ ಎಂ.ಎ.ಗೆ ಉಪಗ್ರಹದ ಪಾಠ ಬರುತ್ತದೆ ಎಂದಾಗ ಎಷ್ಟು ಕುಣಿದಿದ್ದೆವು! ಅಲ್ಲ, ಕುಣಿದವಳು ನೀನು; ನಾನು ಚೀಲದ ತುಂಬ ಕರಪತ್ರ ಹೊತ್ತು, ಇದೆಲ್ಲ ಮೇಷ್ಟರ ಸಂಬಳ ಉಳಿಸುವ ಹೂಟ ಎಂದು ಭಾಷಣ ಬಿಗಿದಿದ್ದೆ. ನೀನು ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚುತ್ತ, ‘ಮೊದಲ ತಿನ್ನ, ಆಮ್ಯಾಲ ಕ್ರಾಂತಿ ಮಾಡೂಣಂತ’ ಎಂದಿದ್ದೆ.

ಮೊದಲ ಭಾನುವಾರ ನೆನಪಿದೆಯಲ್ಲ? ಟಿ.ವಿ.ಯಲ್ಲಿ ಮೇಡಂ ಮುಖ ಮೂಡಿದ ಕೂಡಲೇ ಇಡೀ ಹಾಲ್ ಎದ್ದು ನಿಂತಿತು. ಯಂತ್ರ ನೋಡಿಕೊಳ್ಳುವ ಮೌಲಾಲಿ ಕಾಕಾ, ‘ಕೂಡ್ರಿ, ಕೂಡ್ರಿ, ಅವ್ರಿಗೆ ನೀವು ಕಾಣಂಗಿಲ್ರಿ, ಬರೇ ಫೋನಿನ್ಯಾಗ ದನಿ ಕೇಳತೈತಿ’ ಎಂದು ನಕ್ಕರು. ಆದರೂ ನೀನು ಮಾತ್ರ ಮೇಡಂ ಕೂರುವ ತನಕ ಕೂರಲಿಲ್ಲ. ಪಾಠ ಮುಗಿದ ಮೇಲೆ ಹುಣಸೆಮರದ ಕೆಳಗೆ ಮತ್ತೊಂದು ಪಾಠ ನಡೆಯುತ್ತಿತ್ತು. ಮೇಡಂ ಹೇಳಿದ್ದಕ್ಕೆಲ್ಲ ನೀನು ನಿಮ್ಮ ಊರಿನ ಉದಾಹರಣೆ ಕೊಡುತ್ತಿದ್ದೆ. ನಾನು ನಿಜವಾಗಿ ಕಲಿತದ್ದು ಅಲ್ಲಿ.

ಆಮೇಲೆ ಆ ಭಾನುವಾರ. ಹಳ್ಳಿ ಎಂದರೆ ಒಂದು ಕುಟುಂಬವಿದ್ದಂತೆ ಎಂದು ಪಾಠದಲ್ಲಿ ಬಂತು. ನೀನು ಎದ್ದು ಹೋಗಿ ಫೋನ್ ಎತ್ತಿದೆ. ‘ಹಂಗಿದ್ರ ನಮ್ಮ ಓಣಿ ಊರ ಹೊರಗ ಯಾಕ್ರಿ?’ ಎಂದು ಕೇಳಿದೆ. ನಮಗೆಲ್ಲ ಕೇಳಿಸಿತು. ಮೇಡಂ ನೇರ ನಮ್ಮನ್ನೇ ನೋಡುತ್ತ, ಧಾರವಾಡದಿಂದ ಪ್ರಶ್ನೆ ಇದ್ದಂತಿಲ್ಲ, ಮುಂದೆ ಹೋಗೋಣ ಎಂದರು. ಹಿಂದಿನಿಂದ ಯಾರೋ ‘ರಾಂಗ್ ನಂಬರ್ ಹತ್ತೇತಿ ನೋಡ್ರಿ’ ಎಂದ. ಎಲ್ಲರೂ ನಕ್ಕರು.

ಬಸ್ ನಿಲ್ದಾಣದಲ್ಲಿ ನೀನು ಹೇಳಿದ್ದು ನನ್ನ ಕಿವಿಯಲ್ಲೇ ಇದೆ. ‘ಊರಾಗೂ ಹಿಂಗ ಆಕ್ಕೈತಿ ಸುಕನ್ಯಾ. ನಾವು ಕೇಳೂದು, ಅವರು ಮುಂದ ಹೋಗೂದು. ಇಷ್ಟಕ್ಕ ಉಪಗ್ರಹ ಯಾಕ ಬೇಕಿತ್ತು?’ ಓದು ಸಾಕು ಎಂದು ನೀನು ಬಸ್ಸು ಹತ್ತಿದೆ.

ಮರುದಿನ ಮೌಲಾಲಿ ಕಾಕಾ ಫೋನಿನ ವೈರು ಬಿಚ್ಚಿ ನೋಡಿದರು. ಜೋಡಣೆ ಸಡಿಲಾಗಿತ್ತು. ಮೇಡಂಗೆ ನಿನ್ನ ಒಂದು ಅಕ್ಷರವೂ ಮುಟ್ಟಿರಲಿಲ್ಲ. ಆದರೆ ವೈರು ಸಡಿಲಾಗಿದ್ದಕ್ಕೆ ನೀನು ಹೋದವಳಲ್ಲ, ಪಕ್ಕದಲ್ಲಿದ್ದವರ ನಗೆಗೆ ಹೋದೆ ಎಂದು ನನಗೆ ಗೊತ್ತು. ನಿನ್ನ ಹಿಂದೆಯೇ ಎಷ್ಟೋ ಜನ ಬಿಟ್ಟರು. ಈಗ ಹುಣಸೆಮರದ ಕೆಳಗೆ ಯಾರೂ ನಿಲ್ಲುವುದಿಲ್ಲ. ಪಾಠ ತೃಪ್ತಿಕರವೇ, ಚಿತ್ರ ಸ್ಪಷ್ಟವೇ ಎಂದು ವಿಶ್ವವಿದ್ಯಾಲಯದ ಮೇಲಿನವರು ಕೇಳಿ ಕಳಿಸಿದ್ದರು. ನಿಮ್ಮ ಮಾತು ಯಾರಿಗಾದರೂ ಮುಟ್ಟಿತೇ ಎಂದು ಮಾತ್ರ ಕೇಳಿರಲಿಲ್ಲ.

ಯಶೋ, ನಿನ್ನೆ ಮುಟ್ಟಿತು. ಮೇಡಂ ನಿನ್ನ ಪ್ರಶ್ನೆ ಕೇಳಿ ಕನ್ನಡಕ ತೆಗೆದರು, ಪುಸ್ತಕ ಮುಚ್ಚಿದರು. ಪಾಠ ಅಲ್ಲಿಗೇ ನಿಲ್ಲಿಸಿದರು. ಪರದೆ ಕೆಟ್ಟಿತೇನೋ ಎಂದು ಮೌಲಾಲಿ ಕಾಕಾ ಎದ್ದರು. ಆಗ ಮೇಡಂ ಹೇಳಿದರು: ‘ಯಶೋಧರಾ, ಇದನ್ನು ಬಿಟ್ಟು ನಾನು ಮುಂದೆ ಹೋಗೋದಿಲ್ಲ. ಬರೋ ಭಾನುವಾರ ಮೊದಲು ನೀವು ನಿಮ್ಮ ಓಣಿ ಬಗ್ಗೆ ಹೇಳಿ. ನಾನೂ ಕೇಳ್ತೀನಿ, ಎಲ್ಲಾ ಊರಿನವರೂ ಕೇಳ್ತಾರೆ.’

ಈ ಸಲ ಹಾಲ್‌ನಲ್ಲಿ ಯಾರೂ ನಗಲಿಲ್ಲ. ಬಾ.

ನಿನ್ನ ದಾರಿ ಕಾಯುವ,
ಸುಕನ್ಯಾ

ತಾ.ಕ.: ನೀನಿಲ್ಲದೆ ನಿನ್ನ ಪ್ರಶ್ನೆ ಹೇಗೆ ಮುಟ್ಟಿತು ಎನ್ನುತ್ತೀಯಲ್ಲ? ಫೋನ್ ಎತ್ತಿ, ನಿನ್ನ ಮಾತಿನಲ್ಲೇ ಕೇಳಿದವಳು ನಾನು. ಹೆಸರೇನು ಎಂದರು, ನಿನ್ನ ಹೆಸರು ಹೇಳಿದೆ. ಅವರಿಗೆ ಮುಖ ಕಾಣುವುದಿಲ್ಲವಲ್ಲ. ಪ್ರಶ್ನೆಯನ್ನೇನೋ ಕೇಳಿಬಿಟ್ಟೆ. ಆದರೆ ಓಣಿಯ ಬಗ್ಗೆ ನಾನೇನು ಹೇಳಲಿ? ನಮ್ಮ ಹಳ್ಳಿಯಲ್ಲಿ ನಮ್ಮ ಮನೆ ಊರ ಒಳಗಿದೆ, ಊರಬಾಗಿಲ ಅಗಸಿ ದಾಟಿದ ಕೂಡಲೇ. ಭಾನುವಾರ ಫೋನು ನಿನ್ನ ಕುರ್ಚಿಯ ಪಕ್ಕದಲ್ಲಿರುತ್ತದೆ. ನಾನು ಮುಟ್ಟುವುದಿಲ್ಲ.